ಚಾಕಲೇಟ್ ಕರಗಿಸಲಿಕ್ಕೆ ಕಲಿತ ಇನ್ನೂರು ವರ್ಷ

ಬರಹ ಸ್ವಲ್ಪ ಉದ್ದ ಉಂಟು. ಮಧ್ಯಾಹ್ನದ ಊಟ ಆದ ಮೇಲೆ ಓದಿದರೆ ಒಳ್ಳೆಯದು.

ಅಡಿಕೆ ತೋಟದ ನಡುವೆ ಕೊಕ್ಕೋ ಇರುವ ನಮ್ಮ ಊರುಗಳಲ್ಲಿ ಒಂದು ವಿಚಿತ್ರ ನೋಡಿ. ಕಾಯಿ ಹಣ್ಣಾದದ್ದು ಬಣ್ಣ ನೋಡಿಯೇ ಗೊತ್ತಾಗ್ತದೆ. ಗೋಣಿಯಲ್ಲಿ ಹಸಿ ಬೀಜ ಎಷ್ಟು ಕೆಜಿ ಬಂದೀತು ಅಂತ ಎತ್ತಿ ನೋಡಿಯೇ ಹೇಳುವವರಿದ್ದಾರೆ. ಮಂಗ ಯಾವುದು ತಿಂದದ್ದು, ಅಳಿಲು ಯಾವುದು ಕೊರೆದದ್ದು, ಕೊಳೆ ಬಂದು ಕಪ್ಪಾದದ್ದು ಯಾವುದು, ಎಲ್ಲ ಗೊತ್ತು. ಆದರೆ ಅದೇ ಬೀಜದಿಂದ ಆದ ಚಾಕಲೇಟನ್ನು ಪೇಟೆಯಿಂದ ತಂದು ಕೇಕಿಗೆ ಹೊಯ್ಯಲಿಕ್ಕೆ ಅಂತ ಒಲೆಯ ಮೇಲಿಟ್ಟರೆ, ಅದು ಎಂತ ಮಾಡ್ತದೆ ಅಂತ ನಮಗೆ ತಿಳಿಯುವುದಿಲ್ಲ. ಒಂದೊಂದು ಸಲ ಎಣ್ಣೆ ಹಾಗೆ ಹರೀತದೆ. ಇನ್ನೊಂದು ಸಲ ಕಣ್ಣ ಮುಂದೆಯೇ ಒಣ ಮಣ್ಣಿನ ಮುದ್ದೆ. ಈಗ ಮನೆಮನೆಯಲ್ಲಿ ಹುಟ್ಟಿದ ಹಬ್ಬಕ್ಕೆ ಕೇಕ್ ಮಾಡುವ ಮಕ್ಕಳು ಇದ್ದಾರೆ, ಅವರೆಲ್ಲ ಕೇಳುವ ಪ್ರಶ್ನೆ ಇದೇ.

ಉತ್ತರ ಅಡುಗೆ ಪುಸ್ತಕದಲ್ಲಿ ಎರಡು ಸಾಲಲ್ಲಿ ಸಿಗ್ತದೆ: ನೀರು ತಾಗಿಸಬೇಡಿ, ಬೆಂಕಿ ಜಾಸ್ತಿ ಮಾಡಬೇಡಿ. ಸರಿಯೇ. ಆದರೆ ಯಾಕೆ ಅಂತ ಕೇಳಿದರೆ ಇನ್ನೂರು ವರ್ಷದ ಚರಿತ್ರೆ ಬಿಚ್ಚಿಕೊಳ್ತದೆ. ಆ ಚರಿತ್ರೆಯ ಒಂದು ತುದಿ ನಮ್ಮ ತೋಟಕ್ಕೂ ಬಂದು ಮುಟ್ತದೆ.

ಮೊದಲು ಒಂದು ಮಾತು. ಸಿಪ್ಪೆ ತೆಗೆದ ಒಣ ಕೊಕ್ಕೋ ಬೀಜದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಕೊಬ್ಬು. ಅದಕ್ಕೆ ಕೊಕ್ಕೋ ಬೆಣ್ಣೆ ಅಂತ ಹೆಸರು. ಚಾಕಲೇಟ್ ಅಂದರೆ ಆ ಬೆಣ್ಣೆಯಲ್ಲಿ ಕೊಕ್ಕೋ ಹುಡಿ, ಸಕ್ಕರೆ ಹುಡಿ, ಬೇಕಾದರೆ ಹಾಲಿನ ಹುಡಿ ತೇಲಿಸಿಟ್ಟದ್ದು. ಹುಡಿ ಎಷ್ಟು ನಯ ಅಂದರೆ ನಾಲಿಗೆಗೆ ಕಣ ಕಣವಾಗಿ ಸಿಗುವುದಿಲ್ಲ. ನೀರಿನ ಅಂಶ ಅದರಲ್ಲಿ ಇಲ್ಲ ಅಂತಲೇ ಹೇಳಬಹುದು. ಕರಗಿಸುವುದು ಅಂದರೆ ಆ ಬೆಣ್ಣೆಯನ್ನು ಕರಗಿಸುವುದು, ಅಷ್ಟೆ. ಹುಡಿ ಕರಗುವುದಿಲ್ಲ, ಕೊಬ್ಬಿನಲ್ಲಿ ಈಜ್ತಾ ಇರ್ತದೆ.

ಈಗ ಅದಕ್ಕೆ ಎರಡು ಹನಿ ನೀರು ಬಿತ್ತು ಅಂತ ಇಟ್ಟುಕೊಳ್ಳಿ. ಅಕ್ಕಿಹಿಟ್ಟಿನ ಮೇಲೆ ಎರಡು ಹನಿ ನೀರು ಬಿದ್ದರೆ ಎಂತ ಆಗ್ತದೆ? ಗಂಟಾಗ್ತದೆ. ಅದೇ ಹಿಟ್ಟಿಗೆ ಒಂದು ಚೊಂಬು ನೀರು ಹಾಕಿದರೆ ನೀರುದೋಸೆ ಹಿಟ್ಟಾಗಿ ಹರೀತದೆ. ಚಾಕಲೇಟಿನಲ್ಲಿ ನಡೆಯುವುದೂ ಇದೇ. ಎರಡು ಹನಿ ನೀರಿಗೆ ಸಕ್ಕರೆ ಹುಡಿ ಅಂಟಿ ಅಂಟಿ ಪಾಕವಾಗಿ, ಕೊಕ್ಕೋ ಹುಡಿಯನ್ನೂ ಹಿಡಿದುಕೊಂಡು ಮುದ್ದೆ ಕಟ್ತದೆ. ಕೊಬ್ಬು ಬೇರೆ ನಿಲ್ತದೆ. ನೀರು ಸಾಕಷ್ಟು ಇದ್ದರೆ ಮುದ್ದೆ ಬಿಡ್ತದೆ. 100 ಗ್ರಾಂ ಚಾಕಲೇಟಿಗೆ ಎರಡು ದೊಡ್ಡ ಚಮಚದಷ್ಟಾದರೂ ನೀರೋ ಹಾಲೋ ಇರಬೇಕು, ಇಲ್ಲವೋ ಒಂದು ಹನಿಯೂ ಇರಬಾರದು. ನಡುವಿನದ್ದು ಆಗುವುದಿಲ್ಲ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಕಥೆ ಸಲೀಸು.

ಕೊಕ್ಕೋ ಮರ ಹುಟ್ಟಿದ ದಕ್ಷಿಣ ಅಮೆರಿಕದಲ್ಲಾಗಲಿ, ಅದನ್ನು ದೇವರ ಮರ್ಜಿಗೆ ಏರಿಸಿದ ಮೆಕ್ಸಿಕೋ ಕಡೆಯ ಮಾಯಾ, ಅಜ್ಟೆಕ್ ಜನರಲ್ಲಾಗಲಿ ಚಾಕಲೇಟ್ ಕರಗಿಸುವ ತಲೆಬಿಸಿ ಇರಲಿಲ್ಲ. ಅವರಿಗೆ ಅದು ಕುಡಿಯುವ ವಸ್ತು. ಬೀಜ ಹುರಿದು, ಕಲ್ಲಿನ ಮೇಲೆ ಅರೆದು, ನೀರಿಗೆ ಹಾಕಿ, ಮೆಣಸೋ ಜೋಳದ ಹಿಟ್ಟೋ ಸೇರಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸಿ ಕುಡಿಯುತ್ತಿದ್ದರು. ಬೀಜವೇ ಅಲ್ಲಿ ಚಿಲ್ಲರೆ ದುಡ್ಡು ಕೂಡ. ಸ್ಪೇನಿನವರು ಅದನ್ನು ಯುರೋಪಿಗೆ ಕೊಂಡುಹೋದ ಮೇಲೂ ಬಹಳ ಕಾಲ ಅದು ಪಾನೀಯವೇ. ಅರೆಯುವ ಕಲ್ಲಿನ ಅಡಿಗೆ ಕೆಂಡ ಇಟ್ಟು ಬಿಸಿಯಲ್ಲಿ ಅರೆದರೆ ಬೀಜ ಹಿಟ್ಟಾಗದೆ ಕೆಸರಿನ ಹಾಗೆ ಹರೀತದೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ಬಿಲ್ಲೆ ಮಾಡಿ ಇಟ್ಟುಕೊಂಡು, ಬೇಕಾದಾಗ ಬಿಸಿ ನೀರಿನಲ್ಲಿ ಕದಡುತ್ತಿದ್ದರು. ತೊಂದರೆ ಅಂದರೆ ಅರ್ಧ ಭಾಗ ಕೊಬ್ಬು. ಲೋಟದ ಮೇಲೆ ಜಿಡ್ಡು ತೇಲ್ತದೆ.

ಆ ಜಿಡ್ಡಿನಿಂದ ಪಾರಾಗುವ ಉಪಾಯ ಹುಡುಕಿದವರು ಆಮ್‌ಸ್ಟರ್‌ಡಾಮಿನ ವಾನ್ ಹೌಟನ್ ಮನೆಯವರು. 1828ರಲ್ಲಿ ಅವರು ಪೇಟೆಂಟ್ ಪಡೆದ ಒತ್ತುಯಂತ್ರ ಅರೆದ ಕೊಕ್ಕೋದಿಂದ ಬಹುಪಾಲು ಬೆಣ್ಣೆಯನ್ನು ಹಿಂಡಿ ತೆಗೀತಿತ್ತು. ಗಾಣದಲ್ಲಿ ಎಣ್ಣೆ ತೆಗೆದ ಹಾಗೆಯೇ. ಉಳಿದ ಹಿಂಡಿಯನ್ನು ಹುಡಿ ಮಾಡಿದರೆ ಇವತ್ತು ನಾವು ಡಬ್ಬಿಯಲ್ಲಿ ತರುವ ಕೊಕ್ಕೋ ಪೌಡರ್. ನಮ್ಮಲ್ಲಿ ಎಣ್ಣೆಗಾಗಿ ಗಾಣ, ಹಿಂಡಿ ದನಕ್ಕೆ. ಅವರಲ್ಲಿ ಹಿಂಡಿಗಾಗಿ ಗಾಣ, ಎಣ್ಣೆ ಎಂತ ಮಾಡುವುದು ಅಂತ ಚಿಂತೆ!

ಈ ಮಿಕ್ಕ ಬೆಣ್ಣೆಯೇ ಚರಿತ್ರೆ ತಿರುಗಿಸಿತು. ಇಂಗ್ಲೆಂಡಿನ ಬ್ರಿಸ್ಟಲ್‌ನ ಫ್ರೈ ಕಂಪೆನಿಯವರು 1847ರಲ್ಲಿ ಅರೆದ ಕೊಕ್ಕೋಗೆ, ಸಕ್ಕರೆಗೆ ಈ ಬೆಣ್ಣೆಯನ್ನೇ ಕರಗಿಸಿ ಸೇರಿಸಿ ಅಚ್ಚಿಗೆ ಒತ್ತಿದರು. ನೀರಿನ ಬದಲು ಕೊಬ್ಬು. ಕುಡಿಯುವ ಚಾಕಲೇಟ್ ಕಚ್ಚಿ ತಿನ್ನುವ ಚಾಕಲೇಟ್ ಆಯಿತು. ಕೃಷಿಕರಾಗಿ ನಾವು ಇಲ್ಲಿ ಒಂದು ವಿಷಯ ಗಮನಿಸಬೇಕು. ಬೀಜದಲ್ಲಿ ಇರುವ ಬೆಣ್ಣೆ ಸಾಲದು, ಬೇರೆ ಬೀಜದಿಂದ ಹಿಂಡಿದ ಬೆಣ್ಣೆ ಮೇಲಿಂದ ಹಾಕಬೇಕು. ಅಲ್ಲಿಂದ ಕೊಕ್ಕೋ ಬೀಜ ಎರಡು ಸರಕಾಯಿತು: ಹುಡಿಯದ್ದು ಒಂದು ಮಾರುಕಟ್ಟೆ, ಬೆಣ್ಣೆಯದ್ದು ಇನ್ನೊಂದು.

ಈ ನಡುವೆ 1832ರಲ್ಲಿ ವಿಯೆನ್ನಾದಲ್ಲಿ ಫ್ರಾಂಜ್ ಸಾಖರ್ ಎಂಬ ಹದಿನಾರು ವರ್ಷದ ಅಡುಗೆ ಹುಡುಗ ಮಂತ್ರಿ ಮೆಟರ್ನಿಖ್‌ನ ಮನೆಗೆ ಒಂದು ಚಾಕಲೇಟ್ ಕೇಕ್ ಮಾಡಿದ. ಅದು ಈಗಲೂ ಸಾಖರ್ ಟಾರ್ಟ್ ಅಂತ ಪ್ರಸಿದ್ಧ. ಅದರ ಮೇಲಿನ ಹೊಳೆಯುವ ಹೊದಿಕೆ ಸಕ್ಕರೆ ಪಾಕದಲ್ಲಿ ಕರಗಿಸಿದ ಚಾಕಲೇಟ್. ಅಂದರೆ ನೀರಿಗೆ ಹೆದರಿ ಓಡದೆ, ನೀರನ್ನು ಧಾರಾಳ ಕೊಟ್ಟು ಗೆದ್ದ ದಾರಿ. ಕೆನೆ ಬಿಸಿ ಮಾಡಿ ಅದಕ್ಕೆ ಚಾಕಲೇಟ್ ಚೂರು ಹಾಕಿ ಮಾಡುವ ಗನಾಶ್ ಕೂಡ ಇದೇ ದಾರಿ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು, ಮೊದಲು ಇದನ್ನೇ ಮಾಡಿ. ಇದು ಕೈಕೊಡುವುದು ಕಡಿಮೆ.

ಹಾಲು ಚಾಕಲೇಟಿನ ಕಥೆ ಇನ್ನೂ ಚಂದ. ಸ್ವಿಟ್ಜರ್ಲೆಂಡಿನ ವೆವೇ ಊರಿನ ಡೇನಿಯಲ್ ಪೀಟರ್ ಮೊದಲು ಮೇಣದಬತ್ತಿ ಮಾಡುತ್ತಿದ್ದವ. ಸೀಮೆಎಣ್ಣೆ ದೀಪ ಬಂದು ಆ ವ್ಯಾಪಾರ ಇಳಿಯಿತು. ಚಾಕಲೇಟಿಗೆ ಕೈ ಹಾಕಿದ. ಆ ದೇಶದಲ್ಲಿ ಹಾಲಿಗೆ ಎಂತ ಬರಗಾಲ? ಚಾಕಲೇಟಿಗೆ ಹಾಲು ಸೇರಿಸಿದರೆ ರುಚಿಯೂ ಆಗ್ತದೆ, ಕ್ರಯವೂ ಇಳೀತದೆ ಅಂತ ಯಾರಿಗೂ ಹೊಳೆಯುವ ವಿಷಯ. ಆದರೆ ಹಾಲಿನಲ್ಲಿ ಹೆಚ್ಚಿನ ಪಾಲು ನೀರು. ಕೊಬ್ಬಿಗೆ ನೀರು ಸೇರದು, ಸೇರಿಸಿದರೂ ಇಟ್ಟದ್ದು ಕೆಡ್ತದೆ. ನಿಮ್ಮ ಅಡುಗೆಮನೆಯಲ್ಲಿ ಎರಡು ಹನಿ ನೀರು ಮಾಡುವ ಅವಾಂತರವನ್ನು ಆತ ವರ್ಷಗಟ್ಟಲೆ ಎದುರಿಸಿದ. 1875ರ ಹೊತ್ತಿಗೆ ದಾರಿ ಸಿಕ್ಕಿತು: ಹಾಲಿನ ನೀರು ಆರಿಸಿ, ಗಟ್ಟಿ ಮಾಡಿ ಸೇರಿಸುವುದು. ಅದೇ ಊರಲ್ಲಿ ಹಾಲಿನ ಹುಡಿಯಿಂದ ಶಿಶು ಆಹಾರ ಮಾಡುತ್ತಿದ್ದ ಹೆನ್ರಿ ನೆಸ್ಲೆ ಆತನ ನೆರೆಯವ.

ಇಷ್ಟಾದರೂ ಆಗಿನ ಚಾಕಲೇಟ್ ನುಣ್ಣಗೆ ಇರಲಿಲ್ಲ. ಹಲ್ಲಿಗೆ ಮರಳು ಸಿಕ್ಕ ಹಾಗೆ. ಬಿಸಿ ಮಾಡಿದರೆ ಹರಿಯುವುದಿಲ್ಲ, ಚಪಾತಿ ಹಿಟ್ಟಿನ ಹಾಗೆ ಅಚ್ಚಿಗೆ ಕೈಯಿಂದಲೇ ಒತ್ತಬೇಕು. ಅದನ್ನು ಹರಿಯುವ ಹಾಗೆ ಮಾಡಿದವ ಬರ್ನ್ ನಗರದ ರೊಡಾಲ್ಫ್ ಲಿಂಟ್, 1879ರಲ್ಲಿ. ಆತನ ಯಂತ್ರ ನಮ್ಮ ಅರೆಯುವ ಕಲ್ಲಿನ ದೊಡ್ಡಣ್ಣ. ಉದ್ದ ತೊಟ್ಟಿ, ಅದರಲ್ಲಿ ಬಿಸಿ ಚಾಕಲೇಟನ್ನು ಕಲ್ಲಿನ ಉರುಳೆ ಹಿಂದೆ ಮುಂದೆ ಉಜ್ಜುತ್ತಾ ಇರ್ತದೆ. ಶಂಖದ ಚಿಪ್ಪಿನ ಆಕಾರ ಇದ್ದದ್ದರಿಂದ ಅದಕ್ಕೆ ಕಾಂಚ್ ಅಂತ ಹೆಸರು. ವಾರದ ಕೊನೆಗೆ ಯಂತ್ರ ನಿಲ್ಲಿಸದೆ ಹೋದ, ಸೋಮವಾರ ಬಂದು ನೋಡಿದರೆ ರೇಷ್ಮೆ ಹಾಗೆ ಆಗಿತ್ತು ಅಂತ ಒಂದು ದಂತಕಥೆ ಉಂಟು. ದಂತಕಥೆ ಬಿಡಿ. ಆಗಿದ್ದು ಇಷ್ಟು: ಗಂಟೆಗಟ್ಟಲೆ, ದಿನಗಟ್ಟಲೆ ಬಿಸಿಯಲ್ಲಿ ಉಜ್ಜಿದಾಗ ಉಳಿದಿದ್ದ ತೇವ ಹಾರಿಹೋಗ್ತದೆ, ಹುಳಿ ವಾಸನೆ ಹೋಗ್ತದೆ, ಪ್ರತಿಯೊಂದು ಕಣದ ಸುತ್ತ ಕೊಬ್ಬು ಹೊದ್ದುಕೊಳ್ತದೆ. ಜೊತೆಗೆ ಲಿಂಟ್ ಕೊಕ್ಕೋ ಬೆಣ್ಣೆಯನ್ನೂ ಧಾರಾಳ ಸೇರಿಸಿದ. ಅಲ್ಲಿಗೆ ಚಾಕಲೇಟ್ ಮೊದಲ ಬಾರಿಗೆ ಹೊಯ್ಯಲು ಬಂತು. ಅವ ಅದನ್ನು ಫ್ರೆಂಚಿನಲ್ಲಿ ಕರಗುವ ಚಾಕಲೇಟ್ ಅಂತಲೇ ಕರೆದ. 1899ರಲ್ಲಿ ಆ ವಿದ್ಯೆಯನ್ನು, ಕಾರ್ಖಾನೆಯನ್ನು ಜ್ಯೂರಿಕ್‌ನ ಸ್ಪ್ರುಂಗ್ಲಿಯವರಿಗೆ 15 ಲಕ್ಷ ಚಿನ್ನದ ಫ್ರಾಂಕಿಗೆ ಕೊಟ್ಟ. ಇವತ್ತು ನೀವು ಮನೆಯಲ್ಲಿ ಕರಗಿಸುವುದು ಲಿಂಟ್ ಮಾಡಿಕೊಟ್ಟ ವಸ್ತುವನ್ನು. ಅದಕ್ಕಿಂತ ಮೊದಲಿನದ್ದು ನಮ್ಮ ಕೈಗೆ ಸಿಕ್ಕಿದ್ದರೆ ಯಾವ ಉಪಾಯದಲ್ಲೂ ಕೇಕಿನ ಮೇಲೆ ಹರಿಯುತ್ತಿರಲಿಲ್ಲ.

ತಮಾಷೆ ಎಂತ ಅಂದರೆ, ಈಗ ಅಮೆರಿಕ, ಯುರೋಪಿನಲ್ಲಿ ಸಣ್ಣ ಮಟ್ಟದಲ್ಲಿ ಬೀಜದಿಂದಲೇ ಚಾಕಲೇಟ್ ಮಾಡುವವರಲ್ಲಿ ಬಹಳ ಜನ ಮೊದಲು ಕೊಳ್ಳುವುದು ತಮಿಳುನಾಡಿನಲ್ಲಿ ತಯಾರಾಗುವ ಇಡ್ಲಿ ಹಿಟ್ಟಿನ ಗ್ರೈಂಡರ್. ಎರಡು ಕಲ್ಲಿನ ಉರುಳೆ, ಅಡಿಯಲ್ಲಿ ಕಲ್ಲು. ಒಂದೆರಡು ದಿನ ಬಿಡದೆ ತಿರುಗಿಸಿದರೆ ಕಾಂಚ್ ಮಾಡುವ ಕೆಲಸದ ದೊಡ್ಡ ಪಾಲು ಅದೇ ಮಾಡ್ತದೆ.

ಇನ್ನು ಒಲೆಯ ವಿಷಯ. ಚಾಕಲೇಟಿಗೆ ನೇರ ಬೆಂಕಿ ಆಗುವುದಿಲ್ಲ. ಕಪ್ಪು ಚಾಕಲೇಟ್ 50 ಡಿಗ್ರಿ ದಾಟಬಾರದು, ಹಾಲಿನದ್ದು, ಬಿಳಿಯದ್ದು 45ರ ಒಳಗೇ ಇರಬೇಕು. ಹಾಲಿನ ಅಂಶ ಬೇಗ ಸೀದು ಗಂಟಾಗ್ತದೆ. 45 ಡಿಗ್ರಿ ಅಂದರೆ ಬೆರಳಿಗೆ ಚೆನ್ನಾಗಿ ಬಿಸಿ ತಾಗ್ತದೆ, ಸುಡುವುದಿಲ್ಲ, ಅಷ್ಟೆ. ಬಾಣಲೆಯ ತಳ ಇದಕ್ಕಿಂತ ಎಷ್ಟೋ ಪಟ್ಟು ಬಿಸಿ. ಹಾಗಾಗಿ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ. ಈ ಉಪಾಯಕ್ಕೆ ಫ್ರೆಂಚರು ಮೇರಿಯ ಸ್ನಾನ ಅಂತ ಹೆಸರಿಟ್ಟಿದ್ದಾರೆ. ಆ ಮೇರಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಕಡೆಯಲ್ಲಿದ್ದ ಯಹೂದಿ ರಸವಿದ್ಯೆಯವಳು. ಚಿನ್ನ ಮಾಡಲು ಹೊರಟವರ ಕೊಠಡಿಯಿಂದ ಬಂದ ಪಾತ್ರೆ ಈಗ ಕೇಕ್ ಮಾಡುವವರ ಕೈಯಲ್ಲಿ.

ಕ್ರಮ ಹೀಗೆ. ಚಾಕಲೇಟನ್ನು ಕಡಲೆ ಗಾತ್ರಕ್ಕೆ ಕೊಚ್ಚಿ. ಅಡಿಯ ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಕುದಿ ಬಂದ ಕೂಡಲೇ ಗ್ಯಾಸ್ ಆರಿಸಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು, ಬಾಯಿ ಮಾತ್ರ ಅಗಲ ಇರಬೇಕು, ಇಲ್ಲವಾದರೆ ಸಂದಿಯಿಂದ ಹಬೆ ಎದ್ದು ಒಳಗೆ ಬೀಳ್ತದೆ. ಮುಚ್ಚಳ ಮುಚ್ಚಲೇಬೇಡಿ, ಅದರ ಒಳಬದಿಯಲ್ಲಿ ಹನಿ ಕಟ್ಟಿ ಚಾಕಲೇಟಿನ ಮೇಲೆಯೇ ಇಳಿಯುವುದು. ಸಟ್ಟುಗ ಒಣಗಿರಲಿ. ಮಳೆಗಾಲದಲ್ಲಿ ನಮ್ಮ ಮರದ ಸಟ್ಟುಗಗಳು ಒಣಗಿದ ಹಾಗೆ ಕಂಡರೂ ಒಳಗೆ ತೇವ ಹಿಡಿದಿರ್ತವೆ, ಸ್ಟೀಲಿನದ್ದೋ ರಬ್ಬರಿನದ್ದೋ ಒಳ್ಳೆಯದು. ಮುಕ್ಕಾಲು ಭಾಗ ಕರಗಿದಾಗ ಪಾತ್ರೆ ಕೆಳಗಿಳಿಸಿ. ಇಳಿಸುವಾಗ ತಳದ ಹಬೆ ನೀರನ್ನು ಬಟ್ಟೆಯಲ್ಲಿ ಒರೆಸಿ, ಬಗ್ಗಿಸುವಾಗ ಅದೇ ಸುರಿದು ಎಲ್ಲ ಹಾಳಾಗುವುದು ಜಾಸ್ತಿ. ಉಳಿದ ಕಾಲು ಭಾಗ ತನ್ನ ಬಿಸಿಯಲ್ಲೇ ಕರಗ್ತದೆ.

ಬೆಣ್ಣೆ ಸೇರಿಸುವುದಿದ್ದರೆ ಮೊದಲಿಂದಲೇ ಚಾಕಲೇಟಿನ ಜೊತೆ ಹಾಕಿ. ಬೆಣ್ಣೆಯಲ್ಲಿ ಆರರಲ್ಲಿ ಒಂದು ಪಾಲು ನೀರುಂಟು. ತುಪ್ಪಕ್ಕೆ, ತೆಂಗಿನೆಣ್ಣೆಗೆ ಆ ಹೆದರಿಕೆ ಇಲ್ಲ. ಅಷ್ಟು ಮಾಡಿಯೂ ಮುದ್ದೆ ಕಟ್ಟಿದರೆ ಬಿಸಾಡಬೇಡಿ. ಬಿಸಿ ಹಾಲು ಒಂದೊಂದೇ ಚಮಚ ಹಾಕಿ ಕದಡಿ. ಮೊದಲು ಇನ್ನೂ ಗಟ್ಟಿಯಾಗಿ ಹೆದರಿಸ್ತದೆ, ನಾಲ್ಕನೇ ಐದನೇ ಚಮಚಕ್ಕೆ ಹೊಳಪು ಬಂದು ಹರೀತದೆ. ಅದು ಅಚ್ಚಿಗೆ ಹೊಯ್ಯಲು ಆಗದು, ಕೇಕಿನ ಮೇಲೆ ಸುರಿಯಲು ಧಾರಾಳ ಸಾಕು.

ಮೈಕ್ರೋವೇವ್ ಇರುವವರಿಗೆ ಅದೇ ಸುಲಭ. ಆ ಯಂತ್ರಕ್ಕೂ ಕರಗಿದ ಮಿಠಾಯಿಗೂ ನಂಟುಂಟು. 1945ರಲ್ಲಿ ಅಮೆರಿಕದ ರೇಥಿಯನ್ ಕಂಪೆನಿಯಲ್ಲಿ ರೇಡಾರಿನ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರ್‌ನ ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದೇ ಆ ಒಲೆಗೆ ಮೂಲ ಅಂತ ಹೇಳ್ತಾರೆ. ಅರ್ಧ ಶಕ್ತಿಯಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ಇಟ್ಟು ತೆಗೆದು ಕದಡಿ, ಪುನಃ ಇಡಿ. ಒಳಗೆ ಕರಗಿದ್ದರೂ ಚೂರು ತನ್ನ ಆಕಾರದಲ್ಲೇ ಕೂತಿರ್ತದೆ, ಇನ್ನೂ ಆಗಲಿಲ್ಲ ಅಂತ ಬಿಟ್ಟರೆ ನಡುವೆ ಸೀದಿರ್ತದೆ.

ಚಾಕೋಚಿಪ್ಸ್ ಕರಗಿಸಿದರೆ ದಪ್ಪ ಗಂಜಿ ಹಾಗೆ ಆಗ್ತದೆ ಅಂತ ದೂರುವವರಿದ್ದಾರೆ. ಅದು ಹುಟ್ಟಿದ್ದೇ ಕರಗದಿರಲು! ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಟೋಲ್ ಹೌಸ್ ಎಂಬ ವಸತಿ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ 1930ರ ದಶಕದಲ್ಲಿ ಚಾಕಲೇಟ್ ಚೂರು ಹಾಕಿ ಬಿಸ್ಕತ್ತು ಮಾಡಿದಳು. ಅದು ಹೆಸರಾಗಿ ಚಿಪ್ಸ್ ಅಂತಲೇ ಬೇರೆ ತಯಾರಾಯಿತು. ಬೇಯುವಾಗ ಆಕಾರ ಉಳಿಯಲಿ ಅಂತ ಅದಕ್ಕೆ ಕೊಕ್ಕೋ ಬೆಣ್ಣೆ ಕಡಿಮೆ. ಹೊಯ್ಯಲಿಕ್ಕೆ ಬೇಕಾದ್ದು ಬೆಣ್ಣೆ ಜಾಸ್ತಿ ಇರುವ ಕೂವರ್ಚರ್, ಅದರಲ್ಲಿ 31 ಶೇಕಡವಾದರೂ ಕೊಕ್ಕೋ ಬೆಣ್ಣೆ ಇರಬೇಕು ಅಂತ ಯುರೋಪಿನ ಕಾನೂನು.

ಕರಗಿದ್ದು ಪುನಃ ಗಟ್ಟಿಯಾಗುವ ಕಥೆ ಬೇರೆ. ತುಪ್ಪ ನೋಡಿದ್ದೀರಲ್ಲ. ಕಾಯಿಸಿ ನಿಧಾನ ತಣಿಯಲು ಬಿಟ್ಟರೆ ಮರಳು ಮರಳು, ಫ್ರಿಜ್ಜಿನಲ್ಲಿ ಬೇಗ ತಣಿಸಿದರೆ ನುಣ್ಣಗೆ. ತುಪ್ಪ ಒಂದೇ, ಗಟ್ಟಿಯಾಗುವ ದಾರಿ ಎರಡು. ಕೊಕ್ಕೋ ಬೆಣ್ಣೆಗೆ ಇಂತಹ ದಾರಿ ಆರು ಅಂತ 1966ರಲ್ಲಿ ವಿಲ್ಲಿ, ಲಟನ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದರು. ಒಂದೊಂದು ರೂಪಕ್ಕೂ ಕರಗುವ ಬಿಸಿ ಬೇರೆ, 17 ಡಿಗ್ರಿಯಿಂದ 36ರವರೆಗೆ. ನಮಗೆ ಬೇಕಾದ್ದು ಐದನೆಯದು. ಅದು ಕರಗುವುದು ಸುಮಾರು 34ರಲ್ಲಿ, ಮೈಬಿಸಿಗಿಂತ ಸ್ವಲ್ಪವೇ ಕೆಳಗೆ. ಹಾಗಾಗಿ ಮುರಿದರೆ ಟಕ್ಕನೆ ಮುರೀತದೆ, ಬಾಯಿಗೆ ಹಾಕಿದರೆ ಕರಗ್ತದೆ. ಸುಮ್ಮನೆ ಕರಗಿಸಿ ಬಿಟ್ಟರೆ ಕೆಳಗಿನ ರೂಪಗಳೂ ಬೆರೆತು ಮೆತ್ತಗಾಗ್ತದೆ, ದಿನ ಕಳೆದ ಹಾಗೆ ಮೇಲೆ ಬೂದಿ ಬಣ್ಣ ಬರ್ತದೆ. ಬೂಸ್ಟು ಅಂತ ಬಿಸಾಡುವವರಿದ್ದಾರೆ, ಅದು ಬೂಸ್ಟಲ್ಲ, ಮೇಲೆ ಬಂದ ಕೊಬ್ಬು.

ಇದಕ್ಕೆ ಮನೆಯ ಉಪಾಯ ಹೆಪ್ಪು ಹಾಕಿದ ಹಾಗೆ. ಮೂರರಲ್ಲಿ ಎರಡು ಪಾಲು ಚಾಕಲೇಟನ್ನು 45 ಡಿಗ್ರಿವರೆಗೆ ಕರಗಿಸಿ, ಕೆಳಗಿಳಿಸಿ, ಉಳಿದ ಒಂದು ಪಾಲನ್ನು ಸಣ್ಣ ಚೂರಾಗಿಯೇ ಹಾಕಿ ಕದಡ್ತಾ ತಣಿಸಿ. ಅಂಗಡಿಯಿಂದ ಬಂದ ಚೂರಿನಲ್ಲಿ ಐದನೇ ರೂಪವೇ ಇರ್ತದೆ, ಅದು ಹೆಪ್ಪಿನ ಕೆಲಸ ಮಾಡ್ತದೆ. ಕಪ್ಪು ಚಾಕಲೇಟ್ 31, 32 ಡಿಗ್ರಿಗೆ, ಹಾಲಿನದ್ದು 29, 30ಕ್ಕೆ ಬಂದಾಗ ಅಚ್ಚಿಗೆ ಹೊಯ್ಯಬಹುದು. ಕೇಕಿನ ಹಿಟ್ಟಿಗೆ, ಪಾಯಸಕ್ಕೆ, ಹಲ್ವಕ್ಕೆ ಹಾಕುವುದಿದ್ದರೆ ಈ ಯಾವ ರಗಳೆಯೂ ಬೇಡ.

ಆದರೆ ಇದೆಲ್ಲ ಚಳಿ ದೇಶದ ಲೆಕ್ಕ. ನಮ್ಮ ಕರಾವಳಿಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯೇ 34 ಡಿಗ್ರಿ ಇರ್ತದೆ. ಹೆಪ್ಪು ನಿಲ್ಲುವುದಾದರೂ ಎಲ್ಲಿ? ಬೆಳಗ್ಗೆ ಐದೂವರೆಗೆ ಮಾಡಬೇಕು, ಇಲ್ಲವಾದರೆ ಡಿಸೆಂಬರಿಗೆ ಕಾಯಬೇಕು. ಫ್ರಿಜ್ಜಿನಿಂದ ಹೊರಗೆ ತೆಗೆದರೆ ನಮ್ಮ ತೇವದ ಗಾಳಿಗೆ ಮೈಮೇಲೆ ಬೆವರು ಬಂದು ಸಕ್ಕರೆ ಕರಗಿ ಪುನಃ ಬಿಳಿಚುಕ್ಕೆ. ಬಿಗಿ ಡಬ್ಬಿಯಲ್ಲಿಟ್ಟು, ಡಬ್ಬಿ ಸಮೇತ ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಬೇಕು.

ಬಿಸಿಗೆ ಕರಗದ ಚಾಕಲೇಟ್ ಬೇಕು ಅಂತ ಮೊದಲು ಹಟ ಹಿಡಿದದ್ದು ಸೈನ್ಯದವರು. 1937ರಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಹರ್ಷೀ ಕಂಪೆನಿಗೆ ಹೋಗಿ, ಜೇಬಿನಲ್ಲಿ ಕರಗದ, ಹಸಿವಿಗೆ ಆಗುವ ತುಂಡು ಬೇಕು ಅಂದ. ಸೈನಿಕರು ಸುಮ್ಮನೆ ತಿಂದು ಮುಗಿಸಬಾರದು, ಹಾಗಾಗಿ ರುಚಿ ಬೇಯಿಸಿದ ಬಟಾಟೆಗಿಂತ ಒಂದು ಚೂರು ಮೇಲಿದ್ದರೆ ಸಾಕು ಅಂತ ಷರತ್ತು! ಓಟ್ಸ್ ಹಿಟ್ಟು ಬೆರೆಸಿದ ಆ ವಸ್ತು ಅಚ್ಚಿಗೆ ಹರಿಯದೆ ಕೈಯಿಂದ ಒತ್ತಬೇಕಾಯಿತು. ಲಿಂಟ್‌ಗಿಂತ ಹಿಂದಿನ ಕಾಲಕ್ಕೆ ಹೋದ ಹಾಗಾಯಿತು.

ಈಗ ನಮ್ಮ ತೋಟಕ್ಕೆ ಬರುವ. ಕೊಕ್ಕೋ ಭಾರತಕ್ಕೆ ಬಂದದ್ದು 1798ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯವರು ತಮಿಳುನಾಡಿನ ಕುಟ್ರಾಲಂನಲ್ಲಿ ನೆಟ್ಟರು. ಬೆಳೆಯಾಗಿ ಎದ್ದದ್ದು ಮಾತ್ರ 1960, 70ರ ದಶಕದಲ್ಲಿ, ಕೇರಳದಲ್ಲಿ ಮತ್ತು ನಮ್ಮ ಅಡಿಕೆ ತೋಟಗಳ ನೆರಳಿನಲ್ಲಿ. ದರ ಏರಿತು, ಎಲ್ಲರೂ ನೆಟ್ಟರು. 80ರ ಸುಮಾರಿಗೆ ದರ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಗಿಡ ಕಡಿದು ಒಲೆಗೆ ಹಾಕಿದ ಮನೆಗಳ ಹಿರಿಯರು ಈಗಲೂ ಆ ಕಥೆ ಹೇಳ್ತಾರೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಶುರುವಾಯಿತು. ಬೆಳೆದವರ ಸಹಕಾರಿಯೇ ಬೀಜ ಹಿಂಡಿ ಬೆಣ್ಣೆ ತೆಗೆಯುವ ಮಟ್ಟಕ್ಕೆ ಹೋದದ್ದು ಸಣ್ಣ ವಿಷಯ ಅಲ್ಲ. ವಾನ್ ಹೌಟನ್‌ನ ಗಾಣ ನಮ್ಮೂರಿಗೆ ಬರಲಿಕ್ಕೆ 158 ವರ್ಷ ಹಿಡಿಯಿತು.

ಈಗ ಇರುವ ಪ್ರಶ್ನೆ ಆ ಬೆಣ್ಣೆಯದ್ದೇ. ಪೇಟೆಯ ಬೇಕರಿ ಸಾಮಾನಿನ ಅಂಗಡಿಯಲ್ಲಿ ಕೇಕಿಗೆ ಅಂತ ಸಿಗುವ ದೊಡ್ಡ ಗಟ್ಟಿಗಳಲ್ಲಿ ಹೆಚ್ಚಿನವು ಕಾಂಪೌಂಡ್. ಅದರಲ್ಲಿ ಕೊಕ್ಕೋ ಹುಡಿ ಇರ್ತದೆ, ಕೊಬ್ಬು ಮಾತ್ರ ತಾಳೆ ಬೀಜದ್ದೋ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಬೇರೆ ಎಣ್ಣೆಯದ್ದೋ. ಅದಕ್ಕೆ ಆರು ರೂಪದ ತಂಟೆ ಇಲ್ಲ, ಕರಗಿಸಿ ಹೊಯ್ದರೆ ತಾನಾಗಿ ಹೊಳೀತದೆ. ನಮ್ಮ ಸೆಕೆಗೆ, ಕಲಿಯುವ ಕೈಗೆ ಅದೇ ಅನುಕೂಲ, ಕ್ರಯವೂ ಕಡಿಮೆ. ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಅದನ್ನು ಚಾಕಲೇಟ್ ಅಂತ ಕರೆದು ರೂಢಿಯಾದರೆ, ಮಕ್ಕಳ ನಾಲಿಗೆ ಆ ಮೇಣದ ರುಚಿಗೇ ಒಗ್ಗಿಹೋದರೆ, ನಾಳೆ ನಮ್ಮ ಬೀಜದ ಅರ್ಧ ಭಾಗ ಯಾರಿಗೆ ಬೇಕು? ಪ್ಯಾಕೆಟ್ ತಿರುಗಿಸಿ ಸಾಮಗ್ರಿ ಪಟ್ಟಿ ಓದಿ. ಕೊಕ್ಕೋ ಬಟರ್ ಅಂತ ಉಂಟೋ, ವೆಜಿಟೆಬಲ್ ಫ್ಯಾಟ್ ಅಂತ ಉಂಟೋ ನೋಡಿ.

ಈ ಜಗಳ ಯುರೋಪಿನಲ್ಲಿ ಮೂವತ್ತು ವರ್ಷ ನಡೆಯಿತು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಆ ಒಕ್ಕೂಟಕ್ಕೆ ಸೇರಿದಾಗ, ಅವರ ಚಾಕಲೇಟಿನಲ್ಲಿ ಬೇರೆ ಕೊಬ್ಬು ಸ್ವಲ್ಪ ಇರುತ್ತಿತ್ತು. ಫ್ರಾನ್ಸ್, ಬೆಲ್ಜಿಯಂ ಒಪ್ಪಲಿಲ್ಲ. ಬ್ರಿಟಿಷರದ್ದನ್ನು ವೆಜಿಲೇಟ್ ಅಂತ ಕರೆಯಿರಿ ಎಂಬ ಮಾತೂ ಬಂತು. ಕೊನೆಗೆ 2000ದಲ್ಲಿ ರಾಜಿಯಾಗಿ, 2003ರಿಂದ ಜಾರಿಗೆ ಬಂತು: 5 ಶೇಕಡದವರೆಗೆ ಬೇರೆ ಕೊಬ್ಬು ಇರಬಹುದು, ಹೊದಿಕೆಯ ಮೇಲೆ ಹೇಳಬೇಕು, ಕೊಬ್ಬು ಕೂಡ ಹೆಸರಿಸಿದ ಆರರಲ್ಲಿ ಒಂದೇ ಆಗಬೇಕು. 2024ರ ಮಾರ್ಚ್‌ನಲ್ಲಿ ಕೊಕ್ಕೋ ದರ ಟನ್ನಿಗೆ 10,000 ಡಾಲರ್ ದಾಟಿದಾಗ ನಾವೆಲ್ಲ ಖುಷಿಪಟ್ಟೆವು. ಅದೇ ಏರಿಕೆಯಿಂದ ಬ್ರಿಟನ್ನಿನ ಕೆಲವು ಬಿಸ್ಕತ್ತುಗಳು ಕೊಕ್ಕೋ ಕಡಿಮೆ ಮಾಡಿ, ಚಾಕಲೇಟ್ ಎಂಬ ಹೆಸರು ಬಿಟ್ಟು ಚಾಕಲೇಟ್ ರುಚಿಯದ್ದು ಅಂತ ಬರೆದುಕೊಂಡವು. ದರ ಆಮೇಲೆ ಇಳಿಯಿತು.

ಆ ಆರು ಕೊಬ್ಬುಗಳ ಪಟ್ಟಿ ಓದಿದರೆ ನಮಗೆ ಗುರುತಿನ ಮುಖಗಳು ಸಿಗ್ತವೆ. ತಾಳೆ, ಆಫ್ರಿಕದ ಶಿಯಾ, ಬೋರ್ನಿಯೋ ಕಡೆಯ ಇಲ್ಲಿಪೆ, ಉತ್ತರ ಭಾರತದ ಸಾಲ, ಮಾವಿನ ಗೊರಟು. ಆರನೆಯದು ನಮ್ಮ ಪುನರ್ಪುಳಿ, ಘಟ್ಟದ ಮೇಲಿನವರ ಮುರುಗಲು! ಸಿಪ್ಪೆ ಒಣಗಿಸಿ ಶರಬತ್ತು ಮಾಡಿ ಬೀಜವನ್ನು ಅಂಗಳದ ಮೂಲೆಗೆ ಎಸೆಯುವ ಅದೇ ಪುನರ್ಪುಳಿ. ಆ ಬೀಜ ಕುಟ್ಟಿ ಬೇಯಿಸಿ ತೆಗೆದ ತುಪ್ಪವನ್ನು ಹಿಂದಿನವರು ಹಿಮ್ಮಡಿ ಒಡೆದದ್ದಕ್ಕೆ ಹಚ್ಚುತ್ತಿದ್ದರು. ಅದು 40 ಡಿಗ್ರಿಯ ಆಸುಪಾಸಿನವರೆಗೆ ಗಟ್ಟಿ ನಿಲ್ತದೆ, ಕೊಕ್ಕೋ ಬೆಣ್ಣೆಯ ಜೊತೆ ಜಗಳ ಇಲ್ಲದೆ ಬೆರೀತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಕೊಬ್ಬನ್ನು ಚಾಕಲೇಟಿಗೆ ಸ್ವಲ್ಪ ಸೇರಿಸಿ ನೋಡಿದ್ದಾರೆ. ಚಾಕಲೇಟ್ ಗಟ್ಟಿಯಾಯಿತು, ಸೆಕೆ ತಾಳುವ ಶಕ್ತಿ ಹೆಚ್ಚಿತು. ಮುಂದಿನ ಏಪ್ರಿಲಿನಲ್ಲಿ ಪುನರ್ಪುಳಿ ಕೊಯ್ಯುವವರು ಬೀಜ ಎಸೆಯಬೇಡಿ. ನೆರಳಲ್ಲಿ ಒಣಗಿಸಿ ಇಡಿ, ಒಂದೆರಡು ಕೆಜಿ ನನಗೂ ಬೇಕು.